ರಬ್ಬರಿಗೂ ಒಂದು ಹದ

ಮೊನ್ನೆ ಮಳೆಯಲ್ಲಿ ಟ್ರಾಮ್ ಕಂಬಿ ದಾಟುವಾಗ ಸ್ಕೂಟರ್ ಸರ್ರನೆ ಜಾರಿತು. ಬೀಳಲಿಲ್ಲ, ಪುಣ್ಯ. ಟೈರ್ ಅಂಗಡಿಯವನನ್ನು ಕೇಳಿದರೆ, "ದಾದಾ, ಈಗ ಬರೋದೆಲ್ಲ ಸಿಂಥೆಟಿಕ್ ರಬ್ಬರ್, ಇನ್ನೇನಾಗುತ್ತೆ" ಅಂದ. ಸಿಂಥೆಟಿಕ್ ಅಂದರೆ ಒಂದೇ ವಸ್ತು, ಅದೂ ನಕಲಿ ವಸ್ತು ಅನ್ನೋ ಹಾಗೆ! (ಒದ್ದೆ ಕಬ್ಬಿಣದ ಮೇಲೆ ಯಾವ ಟೈರಾದರೂ ಜಾರೀತು, ಅದು ಬೇರೆ ಮಾತು.)

ಅವನನ್ನೇನು ಬೈಯೋದು? ನನ್ನ ಪಿಯುಸಿ ಪುಸ್ತಕವೂ ಹೆಚ್ಚೇನು ಹೇಳಿರಲಿಲ್ಲ. ಬ್ಯುಟಾಡೈಯೀನ್, ಸ್ಟೈರೀನ್ ಸೇರಿದರೆ ಬ್ಯುನಾ-ಎಸ್. ನಡುವೆ ಒಂದು ಬಾಣ. ಎರಡು ಮಾರ್ಕು, ಮುಗೀತು. ಬರೀ ಸಕ್ಕರೆ, ನೀರು ಇದ್ದರೂ ಒಂದೆಳೆ ಪಾಕವೇ ಬೇರೆ, ಉಂಡೆ ಪಾಕವೇ ಬೇರೆ ಅಂತ ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ರಬ್ಬರಿಗೂ ಅಂಥದೇ ಹದ ಇದೆ.

ಎರಡನೇ ಮಹಾಯುದ್ಧದಲ್ಲಿ ಮಲಯದ ರಬ್ಬರ್ ತೋಟಗಳು ಜಪಾನಿನ ಕೈಗೆ ಹೋದಾಗ ಅಮೆರಿಕದವರು ಇದೇ ಎರಡು ವಸ್ತುಗಳನ್ನು ಸೋಪಿನ ನೀರಿನಲ್ಲಿ ಕದಡಿ, ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಬ್ಬರ್ ಮಾಡಿದರು. ಯುದ್ಧ ಮುಗಿದ ಮೇಲೆ ಅದನ್ನು ಸುಮಾರು 5 ಡಿಗ್ರಿಗೆ ಇಳಿಸಿದರು. ಅಷ್ಟು ತಣ್ಣಗಿದ್ದರೆ ಕ್ರಿಯೆ ತಾನಾಗಿ ಹೊರಡೋದಿಲ್ಲ, ಪೆರಾಕ್ಸೈಡಿನ ಜೊತೆ ಕಬ್ಬಿಣದ ಲವಣ ಹಾಕಿ ಎಬ್ಬಿಸಬೇಕು. ಬಿಸಿಯಲ್ಲಿ ಬೆಳೆದ ಸರಪಳಿಗಳಿಗೆ ಅಡ್ಡರೆಂಬೆ ಜಾಸ್ತಿ. ತಣ್ಣಗೆ ಬೆಳೆದವಕ್ಕೆ ಕಡಿಮೆ, ಹಾಗಾಗಿ ಟೈರ್ ಹೆಚ್ಚು ಕಾಲ ಸವೆಯದೆ ಬಾಳಿತು. ಅಲ್ಲೂ ದುರಾಸೆ ಸಲ್ಲದು. ಶೇಕಡಾ 60ರ ಆಸುಪಾಸಿನಲ್ಲಿ ಕ್ರಿಯೆಯನ್ನು ನಿಲ್ಲಿಸಿ, ಉಳಿದ ಕಚ್ಚಾವಸ್ತುವನ್ನು ವಾಪಸ್ ತೆಗೆಯುತ್ತಾರೆ. ಪೂರ್ತಿ ಆಗಲಿ ಅಂತ ಬಿಟ್ಟರೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಗಂಟು ಕಟ್ಟುತ್ತವೆ.

ಮಳೆಯ ಮಾತಿಗೆ ಬರೋಣ. ಬರೀ ಬ್ಯುಟಾಡೈಯೀನನ್ನೇ ತಗೊಳ್ಳಿ. ಹೆಕ್ಸೇನಿನಲ್ಲಿ ಬ್ಯುಟೈಲ್ ಲಿಥಿಯಂ ಹಾಕಿ ಬೆಳೆಸಿದರೆ ನೂರರಲ್ಲಿ ಸುಮಾರು ಹತ್ತು ಕೊಂಡಿಗಳು ಪಕ್ಕಕ್ಕೆ ಒಂದು ಕೈ ಚಾಚಿ ನಿಲ್ಲುತ್ತವೆ. ಅದೇ ಪಾತ್ರೆಗೆ ಟೆಟ್ರಾಹೈಡ್ರೋಫ್ಯುರಾನ್ ಅನ್ನೋ ದ್ರವ ಬೆರೆಸಿದರೆ ಅಂಥ ಕೊಂಡಿಗಳು ಅರ್ಧಕ್ಕೂ ಮೀರಬಹುದು. ಈ ಕೈಗಳು ಸರಪಳಿಯನ್ನು ಬಿಗಿ ಮಾಡುತ್ತವೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುತ್ತವೆ, ಬದಲಿಗೆ ಸವೆತ ಹೆಚ್ಚುತ್ತದೆ. ನಿಯೋಡಿಮಿಯಂ ವೇಗವರ್ಧಕ ಹಾಕಿದರೆ ಕಥೆಯೇ ತಿರುಗಾಮುರುಗಾ. ನೂರಕ್ಕೆ 95ಕ್ಕಿಂತ ಹೆಚ್ಚು ಕೊಂಡಿಗಳು ಒಂದೇ ಬಗೆಯ ಬಾಗು ಪಡೆಯುತ್ತವೆ, ರಬ್ಬರ್ ಸವೆಯೋದು ಕಡಿಮೆ, ಆದರೆ ಮಳೆಯಲ್ಲಿ ಹಿಡಿತ ಸಾಲದು. ಹಾಗಾಗಿ "ಸಿಂಥೆಟಿಕ್ಕಾ?" ಅಂತ ಕೇಳಿ ಪ್ರಯೋಜನವಿಲ್ಲ. ಯಾವ ಹದದ್ದು ಅಂತ ಕೇಳಬೇಕು.

2022ರಲ್ಲಿ ಎನ್‌ಸಿಇಆರ್‌ಟಿ ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದಿಂದ ಪಾಲಿಮರ್ ಪಾಠವನ್ನೇ ಕಿತ್ತುಹಾಕಿತು. ಮಕ್ಕಳ ಹೊರೆ ಇಳಿಸೋಕಂತೆ! ಇಲ್ಲೇ ಹಲ್ದಿಯಾದಲ್ಲಿ ಬ್ಯುಟಾಡೈಯೀನ್ ತಯಾರಾಗುತ್ತದೆ, ಖರಗ್‌ಪುರದ ಐಐಟಿಯಲ್ಲಿ ರಬ್ಬರ್ ತಂತ್ರಜ್ಞಾನಕ್ಕೇ ಒಂದು ಕೇಂದ್ರವಿದೆ. ಆ ಪಾಠ ತೆಗೆದದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಹಾಗಂತ ಹಳೇ ಬಾಯಿಪಾಠವನ್ನೇ ವಾಪಸ್ ತನ್ನಿ ಅನ್ನುತ್ತಿಲ್ಲ. ತರೋದಾದರೆ ಬಾಣದ ಮೇಲೆ ಎಷ್ಟು ಡಿಗ್ರಿ, ಯಾವ ದ್ರಾವಕ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನೂ ಬರೆಯಿರಿ. ಎರಡು ಮಾರ್ಕು ಅದಕ್ಕೇ ಕೊಡಿ.