ಹಳ್ಳಿಯವರಿಗೆ ಅರ್ಥ ಆಗಲ್ಲ ಅಂದವರು ಯಾರು?

ಹೋದ ತಿಂಗಳು ತಾಲ್ಲೂಕಿನ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು. "ಹಳ್ಳಿ ಜನಕ್ಕೆ ಕತೆ, ಕಾದಂಬರಿ ಎಲ್ಲ ಯಾಕ್ರಪ್ಪಾ? ಅವರಿಗೆ ಅರ್ಥ ಆಗಲ್ಲ. ವ್ಯಕ್ತಿತ್ವ ವಿಕಸನದ ಪುಸ್ತಕ ಕೊಡಿ, ಪರೀಕ್ಷೆ ಗೈಡು ಕೊಡಿ, ಉದ್ಧಾರ ಆಗ್ಲಿ." ದೊಡ್ಡವರು ಅಂತ ಅಲ್ಲಿ ಸುಮ್ಮನಿದ್ದೆವು. ಇಲ್ಲಿ ಉತ್ತರ ಕೊಡ್ತೀವಿ.

ಅವರ ಮಾತಿಗೆ ಬೆಲೆ ಕೊಟ್ಟು ಮೊದಲು ಅಂಥದ್ದೇ ಒಂದು ಪುಸ್ತಕ ಓದಿದೆವು. ಬೆಳಿಗ್ಗೆ 5 ಗಂಟೆಗೆ ಎದ್ದರೆ ಜೀವನ ಬದಲಾಗುತ್ತೆ ಅಂತ ಪುಟಗಟ್ಟಲೆ ಬರೆದಿದ್ದಾರೆ. ನಮ್ಮ ಅವ್ವಂದಿರು ಮದುವೆಯಾಗಿ ಬಂದಾಗಿನಿಂದ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕ್ತಾ ಇದ್ದಾರೆ. ಏನು ಬದಲಾಯ್ತು ಸ್ವಾಮಿ? ಗೈಡು ಬೇಡ ಅನ್ನಲ್ಲ, ಪರೀಕ್ಷೆ ಬರೆಯೋರಿಗೆ ಅದು ಬೇಕು. ಆದರೆ ಅದಷ್ಟೇ ಸಾಕು ಅನ್ನೋದಕ್ಕೆ ನಮ್ಮ ತಕರಾರು.

ಆಮೇಲೆ ದೇವನೂರ ಮಹಾದೇವರ 'ಒಡಲಾಳ'. ಇದರ ಭಾಷೆ ಕಷ್ಟ ಅಂತ ಕಾಲೇಜಿನಲ್ಲಿ ಕೇಳಿದ್ದೆವು. ಕಷ್ಟ ಆಗಿದ್ದು ನಮಗೇ. ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುವಾಗ ನಾವು ತಡವರಿಸಿದ ಮಾತಿಗೆಲ್ಲ ಅರ್ಥ ಹೇಳಿದ್ದು ಅಕ್ಷರ ಬಾರದ ಅಜ್ಜಿ. ಸಾಕವ್ವನ ಹುಂಜ ಕಳೆದುಹೋದ ಭಾಗ ಬಂದ ಮೇಲೆ ಅಜ್ಜಿ ಮೂರು ಸಲ ಕೇಳಿತು, "ಸಿಕ್ತಾ ಹುಂಜ?" ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ಸಾಹುಕಾರನ ಕಡಲೆಕಾಯಿ ತಿನ್ನೋ ಕಡೆ ನಗು. ಪೊಲೀಸರು ಮನೆ ಹುಡುಕೋಕೆ ಬಂದಾಗ ಯಾರೂ ಮಾತಾಡಲಿಲ್ಲ. ಅರ್ಥ ಆಗಲ್ಲ ಅಂತೀರಲ್ಲ, ಇದಕ್ಕಿಂತ ಇನ್ನೇನು ಅರ್ಥ ಆಗಬೇಕು?

ತೇಜಸ್ವಿಯವರ 'ಕರ್ವಾಲೊ' 1980ರದ್ದು. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗೋ ಕತೆ ಅಂತ ನಮ್ಮ ತಮ್ಮಂದಿರು ಒಂದೇ ಉಸಿರಿಗೆ ಓದಿ ಮುಗಿಸಿದರು. ನಮಗೆ ಹಿಡಿಸಿದ್ದು ಮಂದಣ್ಣ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿಯ ಕಣ್ಣಿಗೆ ಮಾತ್ರ ಅವನ ಬೆಲೆ ಗೊತ್ತು. ಇಂಥ ಮಂದಣ್ಣಂದಿರು ನಮ್ಮೂರಲ್ಲೂ ಇದ್ದಾರೆ, ಅವರನ್ನ ಉಡಾಳ ಅಂತ ಬೈದವರಲ್ಲಿ ನಾವೂ ಸೇರಿದ್ದೀವಿ. ಒಂದು ತಕರಾರೂ ಇದೆ. ಮಂದಣ್ಣನ ಮದುವೆಗೆ ಅಷ್ಟು ಓಡಾಟ, ಅಷ್ಟು ತಮಾಷೆ. ಮದುಮಗಳಿಗೆ ಏನನ್ನಿಸಿತು ಅಂತ ಒಬ್ಬರಾದರೂ ಕೇಳಬಾರದಿತ್ತಾ?

ಪಿ. ಸಾಯಿನಾಥರ 'ಬರ ಅಂದ್ರೆ ಎಲ್ಲರಿಗೂ ಇಷ್ಟ' (ಅನುವಾದ ಜಿ.ಎನ್. ಮೋಹನ್) ಕತೆಯಲ್ಲ, ವರದಿಗಳು. ಇಂಗ್ಲಿಷಿನಲ್ಲಿ ಬಂದಿದ್ದು 1996ರಲ್ಲಿ. ಒಡಿಶಾದ ಕಾಲಹಂಡಿ ಕಡೆ ಜರ್ಸಿ ತಳಿ ಮಾಡ್ತೀವಿ ಅಂತ ಹೋದ ಯೋಜನೆಯವರು ಊರ ಹೋರಿಗಳಿಗೆಲ್ಲ ಬೀಜ ಒಡೆಸಿದರು. ಹಾಲೂ ಹೆಚ್ಚಲಿಲ್ಲ, ನಾಟಿ ತಳಿಯೂ ಉಳಿಯಲಿಲ್ಲ. ಇದನ್ನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಹೇಳಿದೆವು. ಅರ್ಧ ಗಂಟೆ ಚರ್ಚೆ. ಹಾಲು ತಣ್ಣಗಾಯ್ತು.

ಇನ್ನು ಬಾನು ಮುಷ್ತಾಕ್. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೂ ಸ್ಟೇಟಸ್ ಹಾಕಿದ್ದೆವು, ಕತೆ ಓದಿರಲಿಲ್ಲ. ಈಗ 'ಎದೆಯ ಹಣತೆ' ಓದಿದೆವು. ಗಂಡ ಇನ್ನೊಬ್ಬಳ ಹಿಂದೆ ಹೋದಾಗ ತವರಿಗೆ ಬಂದ ಮೆಹರುನ್‌ಳನ್ನ ಅಣ್ಣತಮ್ಮಂದಿರೇ ವಾಪಸ್ ಕರೆದುಕೊಂಡು ಹೋಗಿ ಬಿಡ್ತಾರೆ. 'ಮುಸ್ಲಿಂ ಹೆಣ್ಣುಮಕ್ಕಳ ಕತೆ' ಅಂತ ಬದಿಗಿಡೋರು ತಮ್ಮ ಬೀದಿಯ ಪಂಚಾಯ್ತಿಗಳನ್ನ ಒಮ್ಮೆ ನೆನೆಸಿಕೊಳ್ಳಲಿ. 'ಹೊಂದಿಕೊಂಡು ಹೋಗಮ್ಮ' ಅನ್ನೋ ಮಾತಿಗೆ ಯಾವ ಜಾತಿ, ಯಾವ ಧರ್ಮ?

ಬೂಕರ್ ಬಂದ ಆ ಪುಸ್ತಕ ನಮ್ಮ ಐದು ಜನರ ಊರಿನ ಒಂದು ಗ್ರಂಥಾಲಯದಲ್ಲೂ ಸಿಗಲಿಲ್ಲ. ಒಂದು ಕಡೆ ಬೀಗ. ಇನ್ನೊಂದು ಕಡೆ ಬೀರು ತುಂಬ ಗೈಡು, ಅದೂ ಹಳೇ ಸಿಲಬಸ್ಸಿನದು. 2019ರಲ್ಲಿ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, 'ಅರಿವು ಕೇಂದ್ರ' ಅಂತ ಬೋರ್ಡೂ ಬದಲಾಯ್ತು. ಬೀರುವಿನೊಳಗೆ ಏನು ಬದಲಾಯ್ತು ಅಂತ ಹೋಗಿ ನೋಡಿ.

ಇದೇನು ಧರ್ಮಕ್ಕೆ ಕೇಳ್ತಾ ಇಲ್ಲ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ತಾ ಇದ್ದೀವಿ. ನಿಮ್ಮ ರಸೀದಿ ತೆಗೆದು ನೋಡಿ. ಆಮೇಲೆ ಆ ರಸೀದಿ ಜೆರಾಕ್ಸ್ ಜೊತೆಗೆ ನಿಮಗೆ ಬೇಕಾದ ಐದು ಪುಸ್ತಕದ ಹೆಸರು ಬರೆದು ಪಿಡಿಒಗೆ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳೋದು ಮರೀಬೇಡಿ. ನಮ್ಮದು ಕೊಟ್ಟು ಮೂರು ವಾರ ಆಯ್ತು.

ಅಷ್ಟರೊಳಗೆ 'ಕರ್ವಾಲೊ' ಬೇಕಾದವರು ನಮ್ಮನ್ನ ಕೇಳಿ, ಇರೋ ಒಂದು ಪ್ರತಿ ಕೊಡ್ತೀವಿ. ಕೈಯಿಂದ ಕೈಗೆ ಹೋಗಿ ಕೊನೆಯ ನಾಲ್ಕು ಹಾಳೆ ಕಿತ್ತುಹೋಗಿವೆ. ಓತಿ ಕೊನೆಗೆ ಏನಾಯ್ತು ಅಂತ ಬಾಯಲ್ಲೇ ಹೇಳ್ತೀವಿ.