ಕಿಂಗ್‌ಸ್ನೇಕ್: ಪೆಟ್ಟಿಗೆಯಲ್ಲಿ ಬಿಸಿಯಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ

ಬೆಂಗಳೂರು: 2025ರ ಜೂನ್ ಕೊನೆಯ ವಾರದಲ್ಲಿ ಥಾಯ್ಲೆಂಡ್‌ನಿಂದ ಮುಂಬೈ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನಿಂದ ಕಸ್ಟಮ್ಸ್ ಅಧಿಕಾರಿಗಳು 16 ಜೀವಂತ ಹಾವುಗಳನ್ನು ವಶಪಡಿಸಿಕೊಂಡರು. ಕೀನ್ಯಾದ ಮಣ್ಣುಮುಕ್ಕ ಹಾವು, ಗಾರ್ಟರ್ ಹಾವು, ಹೊಂಡುರಾಸ್‌ನ ಮಿಲ್ಕ್‌ಸ್ನೇಕ್ ಮೊದಲಾದವುಗಳ ನಡುವೆ ಒಂದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಕೂಡ ಇತ್ತು. ಅವುಗಳಲ್ಲಿ ಹೆಚ್ಚಿನವು ವಿಷರಹಿತ ಹಾವುಗಳು. ಅವು ಬಂದದ್ದು ವಿಷಕ್ಕಾಗಿಯೂ ಅಲ್ಲ, ಚರ್ಮಕ್ಕಾಗಿಯೂ ಅಲ್ಲ. ನಗರದ ಮನೆಗಳ ಗಾಜಿನ ಪೆಟ್ಟಿಗೆಗಳಲ್ಲಿ ಸಾಕುಪ್ರಾಣಿಗಳಾಗಿ ಮಾರಾಟವಾಗುವ ಜಾತಿಗಳು ಇವು.

ಸುದ್ದಿ ಎರಡು ದಿನ ಓಡಿ ಮರೆಯಾಯಿತು. ಆದರೆ ಸಿಕ್ಕಿಬೀಳದೆ ಒಳಬಂದ ಇಂಥ ಹಾವು ಮುಂದಿನ 15-20 ವರ್ಷ ಎಲ್ಲಿ, ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಸರಿಯಾದ ಆರೈಕೆಯಲ್ಲಿ ಕಿಂಗ್‌ಸ್ನೇಕ್‌ನ ಆಯುಷ್ಯ ಅಷ್ಟು ದೀರ್ಘವಾದುದು. ಆ ಆರೈಕೆಯ ಮೊದಲ ಷರತ್ತು ಬಿಸಿ. ಅದು ಒದಗುತ್ತಿದೆಯೇ ಎಂದು ಕೇಳುವ ಕಾನೂನು ಮಾತ್ರ ದೇಶದಲ್ಲಿ ಇನ್ನೂ ಸ್ಪಷ್ಟವಾಗಿಲ್ಲ.

ಕಾಳಿಂಗನಲ್ಲ, ಕಟ್ಟುಹಾವೂ ಅಲ್ಲ

ಹೆಸರಿನಿಂದಾಗಿ ಗೊಂದಲ ಸಹಜ. ಆಗುಂಬೆಯ ಮಳೆಕಾಡಿನ ಕಾಳಿಂಗ ಸರ್ಪವನ್ನು ಇಂಗ್ಲಿಷ್‌ನಲ್ಲಿ ಕಿಂಗ್ ಕೋಬ್ರಾ ಎನ್ನುತ್ತಾರೆ. ಕಿಂಗ್‌ಸ್ನೇಕ್‌ಗೂ ಅದಕ್ಕೂ ಸಂಬಂಧವಿಲ್ಲ. ಇದು ಅಮೆರಿಕ ಖಂಡಕ್ಕೆ ಸೇರಿದ, ವಿಷವಿಲ್ಲದ, ಸಾಮಾನ್ಯವಾಗಿ ಮೂರು-ನಾಲ್ಕು ಅಡಿ ಬೆಳೆಯುವ ಹಾವು. ಎರಡಕ್ಕೂ ಇರುವ ಒಂದೇ ಸಾಮ್ಯವೆಂದರೆ ಇತರ ಹಾವುಗಳನ್ನು ತಿನ್ನುವ ಗುಣ. 'ರಾಜ' ಎಂಬ ಬಿರುದು ಬಂದುದೂ ಅದರಿಂದಲೇ. ರ‍್ಯಾಟಲ್‌ಸ್ನೇಕ್‌ನಂತಹ ವಿಷದ ಹಾವನ್ನೂ ಕಿಂಗ್‌ಸ್ನೇಕ್ ಸುತ್ತಿ ಬಿಗಿದು ನುಂಗಬಲ್ಲದು; ಆ ವಿಷ ಇದಕ್ಕೆ ಅಷ್ಟಾಗಿ ತಾಗದು. ಆದ್ದರಿಂದ ಒಂದು ಪೆಟ್ಟಿಗೆಯಲ್ಲಿ ಒಂದೇ ಕಿಂಗ್‌ಸ್ನೇಕ್ ಇರಬೇಕು ಎಂಬುದು ಸಾಕುವವರ ಮೂಲ ನಿಯಮ.

ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ನ ಮೈಮೇಲೆ ಕಪ್ಪು ಅಥವಾ ಕಂದು ಬಣ್ಣದ ನಡುವೆ ಬಿಳಿ ಪಟ್ಟೆಗಳಿರುತ್ತವೆ. ನಮ್ಮ ಕಟ್ಟುಹಾವಿನ ಮೈಮೇಲೂ ಪಟ್ಟೆಗಳಿವೆ. ಈ ಹೋಲಿಕೆ ಅಪಾಯಕಾರಿ. ಮನೆಯಿಂದ ತಪ್ಪಿಸಿಕೊಂಡ ಕಿಂಗ್‌ಸ್ನೇಕ್ ಕಟ್ಟುಹಾವೆಂದು ಹೊಡೆಸಿಕೊಂಡು ಸಾಯಬಹುದು. ಸಾಕುಹಾವೆಂದು ಭಾವಿಸಿ ಕಟ್ಟುಹಾವಿಗೆ ಕೈಹಾಕಿದವರು ಪ್ರಾಣವನ್ನೇ ಕಳೆದುಕೊಳ್ಳಬಹುದು.

ಬಿಸಿ ಏಕೆ ಬೇಕು?

ಹಾವು ಶೀತರಕ್ತ ಪ್ರಾಣಿ. ಮನುಷ್ಯನಂತೆ ದೇಹದೊಳಗೆ ಶಾಖ ಉತ್ಪಾದಿಸಿ ಸಮತೋಲನ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಬಿಸಿ ಬೇಕಾದಾಗ ಬಿಸಿಯತ್ತ, ತಂಪು ಬೇಕಾದಾಗ ತಂಪಿನತ್ತ ಸರಿಯುವುದೇ ಅದರ ಉಪಾಯ. ಕಾಡಿನಲ್ಲಿ ಬಂಡೆ, ಬಿಲ, ನೆರಳು ಇವೆ. ಪೆಟ್ಟಿಗೆಯಲ್ಲಿ ಅವೆಲ್ಲವನ್ನೂ ಸಾಕುವವನೇ ಒದಗಿಸಬೇಕು.

ಹೀಗಾಗಿ ಪೆಟ್ಟಿಗೆಯ ಒಂದು ತುದಿ ಸುಮಾರು 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 22ರಿಂದ 25 ಡಿಗ್ರಿ ಇರಬೇಕು. ರಾತ್ರಿ ಸ್ವಲ್ಪ ಇಳಿದರೆ ಬಾಧಕವಿಲ್ಲ. ಎರಡೂ ತುದಿಗಳಲ್ಲಿ ಅಡಗಲು ಗೂಡು ಬೇಕು. ಒಂದೇ ಕಡೆ ಇಟ್ಟರೆ ಹಾವು ಬಿಸಿ ಮತ್ತು ಅಡಗುತಾಣ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪೆಟ್ಟಿಗೆ ಅಪೇಕ್ಷಣೀಯ. ಪೆಟ್ಟಿಗೆ ಚಿಕ್ಕದಾದಷ್ಟೂ ಎರಡು ತಾಪಮಾನಗಳನ್ನು ಕಾಪಾಡುವುದು ಕಷ್ಟ.

ಬಿಸಿ ಸಾಲದಿದ್ದರೆ ಮೊದಲು ನಿಲ್ಲುವುದು ಜೀರ್ಣಕ್ರಿಯೆ. ನುಂಗಿದ ಇಲಿ ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕುತ್ತದೆ. ಬಹುಕಾಲ ಚಳಿಯಲ್ಲಿದ್ದರೆ ಶ್ವಾಸಕೋಶದ ಸೋಂಕು ತಗಲುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನ ಬಳಿ ಗುಳ್ಳೆ ಕಾಣುವುದು ಅದರ ಲಕ್ಷಣಗಳು. ಹಾವು ನರಳುವುದಿಲ್ಲ, ಕೂಗುವುದಿಲ್ಲ. ರೋಗ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಲಿತಿರುತ್ತದೆ.

ಹೆಚ್ಚು ಬಿಸಿಯೂ ಅಷ್ಟೇ ಮಾರಕ. ಪೆಟ್ಟಿಗೆಯ ತಳದಲ್ಲಿ ಹಾಸುವ ವಿದ್ಯುತ್ ಬಿಸಿಹಾಸು ಹತ್ತಿಪ್ಪತ್ತು ವ್ಯಾಟ್‌ನ ಸಾಧಾರಣ ಉಪಕರಣ. ಆದರೆ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಚಾಲೂ ಮಾಡಿದರೆ ಹೊಟ್ಟೆಯಡಿಯ ಚರ್ಮ ಸುಡುವವರೆಗೂ ಹಾವು ಅದರ ಮೇಲೆಯೇ ಮಲಗಿರುವ ಪ್ರಸಂಗಗಳಿವೆ. ಹಾಸು ತಳದ ಮೂರನೇ ಒಂದು ಭಾಗವನ್ನು ಮಾತ್ರ ಆವರಿಸಬೇಕು. ಬಲ್ಬ್ ಬಳಸಿದರೆ ಅದರ ಸುತ್ತ ತಂತಿಬಲೆ ಬೇಕು. ಬಿಸಿಲು ಬೀಳುವ ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆ ಇಡುವುದಂತೂ ಹಾವನ್ನು ಬೇಯಿಸಿದಂತೆಯೇ.

ಕರ್ನಾಟಕದ ಹವೆಯ ಲೆಕ್ಕ

'ನಮ್ಮದು ಬಿಸಿ ದೇಶ, ಹಾವಿಗೆ ಹೀಟರ್ ಏಕೆ' ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಅಂಕಿಗಳು ಬೇರೆಯೇ ಹೇಳುತ್ತವೆ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಸರಾಸರಿ ಕನಿಷ್ಠ ತಾಪಮಾನ 15-16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದೇ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಪಾರಾ 40 ದಾಟುವುದು ವಾಡಿಕೆ. ಅಲ್ಲಿನ ಸಮಸ್ಯೆ ಬಿಸಿ ಕೊಡುವುದಲ್ಲ, ತಂಪು ಉಳಿಸುವುದು. ಮಂಗಳೂರಿನ ಮಳೆಗಾಲದಲ್ಲಿ ತೇವವೇ ಶತ್ರು. ಒಣ ಹವೆಗೆ ಹೊಂದಿಕೊಂಡ ಕ್ಯಾಲಿಫೋರ್ನಿಯಾದ ಹಾವಿನ ಹುರುಪೆಗಳು ಸದಾ ಒದ್ದೆಯಾದ ಹಾಸಿನಲ್ಲಿ ಕೊಳೆಯುತ್ತವೆ.

ತನ್ನ ನಾಡಿನಲ್ಲಿ ಈ ಹಾವು ಚಳಿಗಾಲವನ್ನು ಬಿಲದೊಳಗೆ ಸುಪ್ತಾವಸ್ಥೆಯಲ್ಲಿ ಕಳೆಯುತ್ತದೆ, ನಿಜ. ಆದರೆ ಆಗ ಅದರ ಹೊಟ್ಟೆ ಖಾಲಿಯಿರುತ್ತದೆ. ಬೆಂಗಳೂರಿನ ಮನೆಯಲ್ಲಿ ಚಳಿಯೂ ಇದೆ, ವಾರಕ್ಕೊಮ್ಮೆ ಇಲಿಯೂ ಸಿಗುತ್ತದೆ. ಈ ಎರಡೂ ಕೂಡಿದಾಗಲೇ ಅನಾಹುತ. ರಾತ್ರಿ ವಿದ್ಯುತ್ ಕೈಕೊಟ್ಟರೆ ಬಿಸಿಹಾಸು ತಣ್ಣಗಾಗುತ್ತದೆ. ಮನೆಯ ದೀಪ-ಫ್ಯಾನಿಗೆ ಯುಪಿಎಸ್ ಜೋಡಿಸಿದವರು ಹಾವಿನ ಹಾಸಿಗೂ ಜೋಡಿಸಿದ್ದಾರೆಯೇ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ.

ಪಟ್ಟಿಯಲ್ಲಿ ಹೆಸರಿಲ್ಲ

ನಾಗರಹಾವು, ಕೇರೆ, ಹೆಬ್ಬಾವು, ಕಾಳಿಂಗ ಸರ್ಪ ಮೊದಲಾದ ದೇಶೀಯ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಜಾತಿಗಳ ವಿಷಯದಲ್ಲಿ ಬಹುಕಾಲ ಇದ್ದ ಶೂನ್ಯವನ್ನು ತುಂಬಲು 2022ರಲ್ಲಿ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಅದು 2023ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಲಾಯಿತು. ಅವುಗಳನ್ನು ಇಟ್ಟುಕೊಂಡವರು ನೋಂದಾಯಿಸುವುದು ಕಡ್ಡಾಯವಾಯಿತು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳು ಪರಿವೇಶ್ ಜಾಲತಾಣದ ಮೂಲಕ ನೋಂದಣಿಗೆ ಆರು ತಿಂಗಳ ಕಾಲಾವಕಾಶ ನೀಡಿದವು.

ಕಿಂಗ್‌ಸ್ನೇಕ್‌ನ ಕತೆ ಇಲ್ಲಿಯೇ ತಿರುವು ಪಡೆಯುವುದು. ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಮೂಲ ನಾಡಿನಲ್ಲಿ ಅದು ವಿರಳವಲ್ಲ. ಮುಂಬೈನಲ್ಲಿ ಒಬ್ಬನೇ ಪ್ರಯಾಣಿಕನಿಂದ ಸಿಕ್ಕ ಹಾವುಗಳ ಪೈಕಿ ಕೀನ್ಯಾದ ಮಣ್ಣುಮುಕ್ಕಕ್ಕೆ ನೋಂದಣಿ ನಿಯಮ ಅನ್ವಯಿಸುತ್ತದೆ, ಕಿಂಗ್‌ಸ್ನೇಕ್‌ಗೆ ಅನ್ವಯಿಸುವುದಿಲ್ಲ. ಪರವಾನಗಿ ಇಲ್ಲದೆ ತಂದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಅದು ಕಳ್ಳಸಾಗಣೆಯ ಸರಕು. ಗಡಿ ದಾಟಿ ಮನೆ ಸೇರಿದ ಮೇಲೆ ಅದರ ಹುಟ್ಟು, ಸಾವು, ಕೈಬದಲಾವಣೆ ಯಾವ ದಾಖಲೆಗೂ ಬರುವುದಿಲ್ಲ.

ಇದು ಒಂದೆರಡು ಹಾವುಗಳ ಮಾತಲ್ಲ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಬೆಂಗಳೂರಿನ ತೋಟದ ಮನೆಯೊಂದರಲ್ಲಿ 48 ಜಾತಿಗಳಿಗೆ ಸೇರಿದ 139 ಪ್ರಾಣಿಗಳನ್ನು ಪತ್ತೆ ಮಾಡಿ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಒಪ್ಪಿಸಿದರು. ಆ 48ರಲ್ಲಿ ಸೈಟಿಸ್ ಪಟ್ಟಿಯಲ್ಲಿದ್ದುದು 34 ಜಾತಿ. ಉಳಿದ 14 ಜಾತಿಗಳು ಪಟ್ಟಿಯ ಹೊರಗಿದ್ದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನಲ್ಲಿ 55 ಬಾಲ್ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು ಹಾಗೂ ಸತ್ತಿದ್ದ ಆರು ಕಪುಚಿನ್ ಕೋತಿಗಳು ಸಿಕ್ಕವು.

ಮನೆಯೊಳಗಿನ ನಿರ್ಲಕ್ಷ್ಯಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು ಅದರ ಪ್ರಕಾರ ಅಪರಾಧ. ಹಾವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ ಮಾತ್ರ. ಒಂದು ಥರ್ಮೋಸ್ಟಾಟ್‌ನ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ದ್ವೀಪವೊಂದರ ಪಾಠ

ಬಿಸಿ ಸಾಲದೆ ಸಾಯುವ ಹಾವು ಒಂದು ದುರಂತವಾದರೆ, ತಪ್ಪಿಸಿಕೊಂಡು ಬದುಕುವ ಹಾವು ಇನ್ನೊಂದು. ಸ್ಪೇನ್‌ಗೆ ಸೇರಿದ ಗ್ರ್ಯಾನ್ ಕನೇರಿಯ ದ್ವೀಪದಲ್ಲಿ ಮೂಲತಃ ಹಾವುಗಳೇ ಇರಲಿಲ್ಲ. 1998ರಲ್ಲಿ ಅಲ್ಲಿ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಮೊದಲ ಬಾರಿಗೆ ಕಾಣಿಸಿತು. ಸಾಕಿದವರ ಮನೆಗಳಿಂದ ಹೊರಬಿದ್ದ ಹಾವುಗಳ ಸಂತತಿ ಅದು. ಸೆರೆಯಲ್ಲಿ ತಳಿ ಮಾಡಿದ ಬಿಳಿಚು ಬಣ್ಣದ ಹಾವುಗಳು ಅಲ್ಲಿ ಹರಿದಾಡುವುದೇ ಅದಕ್ಕೆ ಸಾಕ್ಷಿ. ದ್ವೀಪದ ಹೊರಗೆ ಸಹಜವಾಗಿ ಎಲ್ಲಿಯೂ ಇಲ್ಲದ ದೈತ್ಯ ಹಲ್ಲಿಗಳ ಸಂಖ್ಯೆ ಹಾವು ಹಬ್ಬಿದ ಪ್ರದೇಶಗಳಲ್ಲಿ ಶೇ 90ಕ್ಕೂ ಹೆಚ್ಚು ಕುಸಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬಲೆ, ಬೋನು, ಸ್ವಯಂಸೇವಕರ ದಂಡು ಎಲ್ಲವನ್ನೂ ಬಳಸಿದರೂ ಅಲ್ಲಿ ಹಾವು ನಿರ್ಮೂಲವಾಗಿಲ್ಲ.

ಕರ್ನಾಟಕ ದ್ವೀಪವಲ್ಲ, ಇಲ್ಲಿ ಹಾವನ್ನು ಹಿಡಿಯುವ ಹದ್ದು, ಮುಂಗುಸಿಗಳಿವೆ. ಆದ್ದರಿಂದ ಅದೇ ಅನಾಹುತ ಇಲ್ಲಿ ಮರುಕಳಿಸುತ್ತದೆ ಎನ್ನುವುದು ಆತುರದ ಮಾತು. ಆದರೆ ಪಶ್ಚಿಮ ಘಟ್ಟದ ಅಂಚಿನಲ್ಲಿ, ಅಪರೂಪದ ಹಲ್ಲಿ-ಹಾವುಗಳ ನೆಲೆಯಲ್ಲಿ, ಇಂಥ ಪ್ರಯೋಗಕ್ಕೆ ಅವಕಾಶ ಕೊಡುವುದು ವಿವೇಕವಲ್ಲ. ಆಕ್ರಮಣಕಾರಿ ವಿದೇಶಿ ಜಾತಿಗಳ ಆಮದು, ವ್ಯಾಪಾರ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ತಿದ್ದುಪಡಿಯೇ ಕೇಂದ್ರ ಸರಕಾರಕ್ಕೆ ನೀಡಿದೆ.

ದಾರಿ ಯಾವುದು?

ಮೊದಲನೆಯದು, ಲೆಕ್ಕ. ಅಳಿವಿನ ಅಪಾಯವಿದೆಯೇ ಎಂಬುದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡ ಪಟ್ಟಿಯಿಂದ ಸಾಕುಪ್ರಾಣಿಯ ಕ್ಷೇಮವನ್ನೂ ಪರಿಸರದ ಸುರಕ್ಷತೆಯನ್ನೂ ಅಳೆಯಲಾಗದು. ಪಟ್ಟಿಯ ಹೊರಗಿನ ವಿದೇಶಿ ಸರೀಸೃಪಗಳಿಗೂ ನೋಂದಣಿ ವಿಸ್ತರಿಸಬೇಕು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸೈಟಿಸ್ ಜಾತಿಗಳಿಗೆ ಸ್ವಯಂಘೋಷಣೆಯ ಅವಕಾಶ ನೀಡಿದ ಮಾದರಿ ಕಣ್ಣಮುಂದಿದೆ.

ಎರಡನೆಯದು, ಭಯ ನಿವಾರಣೆ. ಕಳ್ಳದಾರಿಯಲ್ಲಿ ಬಂದ ಹಾವಿಗೆ ಕಾಯಿಲೆಯಾದರೆ ಅದನ್ನು ಪಶುವೈದ್ಯರಲ್ಲಿಗೆ ಒಯ್ಯಲು ಒಡೆಯ ಹಿಂಜರಿಯುತ್ತಾನೆ. ಬೇಡವಾದಾಗ ಒಪ್ಪಿಸಲು ಅಧಿಕೃತ ಜಾಗವಿಲ್ಲದಿದ್ದರೆ ಕೆರೆಯಂಚಿನ ಪೊದೆಯೇ ಗತಿಯಾಗುತ್ತದೆ. ದಂಡನೆಯ ಭೀತಿಯಿಲ್ಲದೆ ಹಾವನ್ನು ಒಪ್ಪಿಸುವ ಕೇಂದ್ರಗಳು ಬೇಕು. ಕಳ್ಳಸಾಗಣೆದಾರನಿಗೂ ಅರಿಯದೆ ಕೊಂಡ ಕಾಲೇಜು ಹುಡುಗನಿಗೂ ನಡುವಿನ ವ್ಯತ್ಯಾಸವನ್ನು ಆಡಳಿತ ಗುರುತಿಸಬೇಕು.

ಮೂರನೆಯ ಹೊಣೆ ಕೊಳ್ಳುವವರದು. ಬೇಡಿಕೆ ಇರುವವರೆಗೆ ಬ್ಯಾಗುಗಳು ಬರುತ್ತಲೇ ಇರುತ್ತವೆ. ಈಗಾಗಲೇ ಮನೆಯಲ್ಲಿ ಕಿಂಗ್‌ಸ್ನೇಕ್ ಇರುವವರು ಮಾಡಬೇಕಾದುದು ಸರಳ: ಥರ್ಮೋಸ್ಟಾಟ್ ಅಳವಡಿಸಿ ಎರಡೂ ತುದಿಯ ತಾಪಮಾನವನ್ನು ದಿನವೂ ನೋಡುವುದು, ಮುಚ್ಚಳಕ್ಕೆ ಬೀಗ ಹಾಕುವುದು, ಜೀವಂತ ಇಲಿಯ ಬದಲು ಶೈತ್ಯೀಕರಿಸಿ ಕರಗಿಸಿದ ಇಲಿ ಕೊಡುವುದು, ಉಂಡ ಮೇಲೆ ಎರಡು ದಿನ ಮುಟ್ಟದಿರುವುದು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು. ಕಾಡಿಗೆ ಬಿಡುವುದಂತೂ ಕೂಡದು.

ಹಾವು ತಾನಾಗಿ ಈ ನಾಡಿಗೆ ಬಂದಿಲ್ಲ. ಅದನ್ನು ತಂದವರು ಮನುಷ್ಯರು, ಕೊಂಡವರೂ ಮನುಷ್ಯರು. ಡಿಸೆಂಬರ್‌ನ ರಾತ್ರಿ ವಿದ್ಯುತ್ ಹೋದಾಗ ಆ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದೆ ಎಂದು ಎದ್ದು ನೋಡುವವರು ಇಲ್ಲದಿದ್ದರೆ, ಆ ಹಾವನ್ನು ಇಟ್ಟುಕೊಳ್ಳುವ ಹಕ್ಕೂ ಅವರಿಗಿಲ್ಲ.