ವಿಕಾರವಾದ ಸ್ವೆಟರೂ ವಿನೋದದ ಮೇರೆಯೂ

ಕೆನಡಾ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಡಿಸೆಂಬರಿನ ಆರಂಭದಲ್ಲಿ ನಮಗೆ ಬರೆದ ಪತ್ರದಲ್ಲಿ ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳಿದ್ದಳು. ಅವಳ ಕಚೇರಿಯ ಕ್ರಿಸ್‌ಮಸ್ ಕೂಟಕ್ಕೆ ಎಲ್ಲರೂ ವಿಕಾರವಾದ ಸ್ವೆಟರನ್ನು ತೊಟ್ಟು ಬರತಕ್ಕದ್ದೆಂದೂ, ಎಲ್ಲಕ್ಕಿಂತ ವಿಕಾರವಾದುದಕ್ಕೆ ಬಹುಮಾನವುಂಟೆಂದೂ ಗೊತ್ತುಮಾಡಿದ್ದರಂತೆ. “ಹೊಲಿಗೆಯ ತರಗತಿಯಲ್ಲಿ ಒಂದು ಹೊಲಿಗೆ ಓರೆಯಾದರೂ ಬಿಚ್ಚಿಸುತ್ತಿದ್ದಿರಿ. ಈಗ ಬೇಕೆಂದೇ ಕೆಟ್ಟದಾಗಿ ಮಾಡಿದರೆ ಒಪ್ಪುವಿರಾ?” ಎಂದು ಬರೆದಿದ್ದಳು. ನಗುತ್ತ ಕೇಳಿದ ಪ್ರಶ್ನೆಯಾದರೂ ಉತ್ತರ ಬರೆಯಲು ನಮಗೆ ಮೂರು ದಿನ ಹಿಡಿಯಿತು. ಆ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಹಳೆಯ ವಿದ್ಯಾರ್ಥಿನಿಯರ ಹಾಗೂ ಮಾತಾಪಿತೃಗಳ ಮುಂದೆ ಇಡುತ್ತೇವೆ.

ಈ ಪದ್ಧತಿಯು ಬಹು ಹಳೆಯದಲ್ಲ. ಹಿಮಸಾರಂಗ, ನಕ್ಷತ್ರ, ಗಂಟೆ ಮುಂತಾದ ಚಿತ್ರಗಳುಳ್ಳ ಹಬ್ಬದ ಸ್ವೆಟರುಗಳು ಪಾಶ್ಚಾತ್ಯ ದೇಶಗಳಲ್ಲಿ ಮೊದಲಿನಿಂದಲೂ ಇದ್ದವು. 2001ರಲ್ಲಿ ತೆರೆಕಂಡ ‘ಬ್ರಿಜೆಟ್ ಜೋನ್ಸಸ್ ಡೈರಿ’ ಎಂಬ ಚಲನಚಿತ್ರದಲ್ಲಿ ಗಂಭೀರನಾದ ವಕೀಲನೊಬ್ಬನು ಎದೆಯ ತುಂಬ ಹಿಮಸಾರಂಗದ ಮುಖವುಳ್ಳ ಸ್ವೆಟರನ್ನು ತೊಟ್ಟು ನಿಂತದ್ದನ್ನು ಕಂಡು ಜನರು ನಕ್ಕರು. ಇಂಥ ಸ್ವೆಟರುಗಳಿಗೆಂದೇ ಕೂಟವನ್ನು ಏರ್ಪಡಿಸುವ ರೂಢಿಯು ಅದೇ ಕಾಲದಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಬ್ರಿಟನ್ನಿನಲ್ಲಿ ‘ಸೇವ್ ದ ಚಿಲ್ಡ್ರನ್’ ಸಂಸ್ಥೆಯು 2012ರಲ್ಲಿ ಹಬ್ಬದ ಸ್ವೆಟರಿನ ದಿನವೊಂದನ್ನು ಆರಂಭಿಸಿ, ತೊಟ್ಟವರಿಂದ ಮಕ್ಕಳ ಸಹಾಯಕ್ಕಾಗಿ ಹಣವನ್ನು ಕೂಡಿಸಿತು.

ಆದರೂ ಪತ್ರವನ್ನು ಓದಿದೊಡನೆ ನಮಗೆ ಸಂತೋಷವಾಗಲಿಲ್ಲ. ಅದಕ್ಕೆ ಕಾರಣವುಂಟು. ನಾವು ಹತ್ತು ವರುಷದ ಬಾಲಕಿಯಾಗಿ ವಸತಿಗೃಹವನ್ನು ಸೇರಿದಾಗ ನಮ್ಮ ತಾಯಿಯವರು ಉಳಿದ ಬಳಿದ ಉಣ್ಣೆಯಿಂದ ಒಂದು ಸ್ವೆಟರನ್ನು ಹೆಣೆದು ಕೊಟ್ಟಿದ್ದರು. ಒಂದು ತೋಳು ಹಸುರು, ಇನ್ನೊಂದು ಕಂದು. ಮೊದಲನೆಯ ಬೆಳಿಗ್ಗೆಯೇ ಜೊತೆಯ ಹುಡುಗಿಯರು ನಕ್ಕರು. ನಾವು ಅದನ್ನು ಟ್ರಂಕಿನ ತಳದಲ್ಲಿ ಅಡಗಿಸಿ ಆ ಚಳಿಗಾಲವನ್ನು ನಡುಗುತ್ತಲೇ ಕಳೆದೆವು. ಹಬ್ಬದ ರಜೆಗೆ ಮನೆಗೆ ಹೋದಾಗ ಸ್ವೆಟರು ಬಿಗಿಯಾಯಿತೆಂದು ಸುಳ್ಳು ಹೇಳಿದೆವು. ತಾಯಿಯವರು ಮಾತಾಡದೆ ಅದನ್ನೆಲ್ಲ ಬಿಚ್ಚಿ, ನಾಲ್ಕು ರಾತ್ರಿ ಕುಳಿತು, ಒಂದು ಅಂಗುಲ ಅಗಲಮಾಡಿ ಪುನಃ ಹೆಣೆದರು. ಆ ನಾಲ್ಕು ರಾತ್ರಿಗಳ ನೆನಪು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವಿದು: ತನ್ನನ್ನು ತಾನೇ ನಗೆಗೆ ಒಡ್ಡಿಕೊಳ್ಳುವುದು ಆರೋಗ್ಯಕರವಾದ ವಿನೋದ, ಅದರಲ್ಲಿ ದೋಷವಿಲ್ಲ. ಆದರೆ ಒಬ್ಬಳು ಆಟಕ್ಕಾಗಿ ತೊಟ್ಟ ವಿಕಾರವೂ ಇನ್ನೊಬ್ಬಳು ಬಡತನದಿಂದ ತೊಟ್ಟ ತೇಪೆಯೂ ನೋಟಕ್ಕೆ ಒಂದೇ ತೆರನಾಗಿರಬಹುದು. ಆ ಭೇದವನ್ನು ಅರಿಯದ ನಗೆ ನಮಗೆ ಬೇಡ. ಅಜ್ಜಿಯು ಮಂದವಾದ ಕಣ್ಣುಗಳಿಂದ ಹೆಣೆದುಕೊಟ್ಟದ್ದನ್ನು ಬಹುಮಾನಕ್ಕಾಗಿ ಒಯ್ಯುವುದೂ ಬೇಡ.

ಇನ್ನೊಂದು ಆಕ್ಷೇಪಣೆಯೂ ಉಂಟು. ಈಗ ಈ ವಿಕಾರವನ್ನು ಕಾರ್ಖಾನೆಗಳೇ ತಯಾರಿಸಿ ಮಾರುತ್ತವೆ. ಬ್ರಿಟನ್ನಿನ ‘ಹಬ್‌ಬಬ್’ ಎಂಬ ಸಂಸ್ಥೆಯು 2019ರಲ್ಲಿ 108 ಹಬ್ಬದ ಸ್ವೆಟರುಗಳನ್ನು ಪರಿಶೀಲಿಸಿದಾಗ ನೂರಕ್ಕೆ 95ರಲ್ಲಿ ಪ್ಲಾಸ್ಟಿಕ್ ನೂಲು ಕಂಡುಬಂತು. ಅಕ್ರಿಲಿಕ್ ಬಟ್ಟೆಯನ್ನು 6 ಕಿಲೋಗ್ರಾಂನಷ್ಟು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಮಿಕ್ಕಿ ಸೂಕ್ಷ್ಮವಾದ ಎಳೆಗಳು ನೀರನ್ನು ಸೇರಬಹುದೆಂದು ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದರು. ಒಂದು ಸಂಜೆಯ ನಗೆಗಾಗಿ ಹೊಸ ಬಟ್ಟೆಯನ್ನು ಕೊಂಡು ಮರುದಿನ ಮೂಲೆಗೆಸೆಯುವುದು ವಿನೋದವಲ್ಲ, ದುಂದು.

ಆದುದರಿಂದ ಸ್ವಹಸ್ತದಿಂದ ಮಾಡಿರಿ ಎಂದೇ ನಾವು ಅವಳಿಗೆ ಬರೆದೆವು. ಬೀರುವಿನಲ್ಲಿರುವ ಹಳೆಯ ಸ್ವೆಟರೊಂದು ಸಾಕು. ಬಟ್ಟೆಯ ಚೂರುಗಳು, ಒಂಟಿ ಗುಂಡಿಗಳು, ಸವೆದ ಸೀರೆಯ ಜರಿಯಂಚು, ಉಣ್ಣೆಯ ಗೊಂಡೆಗಳು, ಇವೇ ಅಲಂಕಾರ. ಹೆಣೆದ ಬಟ್ಟೆಯು ಎಳೆದಂತೆ ಹಿಗ್ಗುವುದರಿಂದ ದಾರವನ್ನು ಬಿಗಿಯಬಾರದು. ಭಾರವಾದ ಅಲಂಕಾರವಿರುವಲ್ಲಿ ಒಳಗಡೆ ಹತ್ತಿಯ ಬಟ್ಟೆಯ ತುಂಡನ್ನು ಆಸರೆಯಾಗಿ ಇಡಬೇಕು. ಅಂಟು ಬೇಡ, ಎಲ್ಲವನ್ನೂ ಕಚ್ಚಾ ಹೊಲಿಗೆಯಿಂದಲೇ ಕೂಡಿಸಬೇಕು. ಯಾಕಂದರೆ ಹಬ್ಬವು ಮುಗಿದ ಮೇಲೆ ಅಲಂಕಾರವನ್ನೆಲ್ಲ ಬಿಚ್ಚಿ, ಒಗೆದು, ಸ್ವೆಟರನ್ನು ಬೇಕಾದವರಿಗೆ ಕೊಡಲು ಸಾಧ್ಯವಾಗಬೇಕು. ಕೂಸುಗಳ ಸ್ವೆಟರಿಗೆ ಮಾತ್ರ ಗುಂಡಿ ಮಣಿಗಳನ್ನು ಹಚ್ಚಲೇಬಾರದು. ಅವು ಕಿತ್ತುಬಂದು ಬಾಯಿ ಸೇರಿದರೆ ಅಪಾಯ.

ಯೊಪ್ಪದಲ್ಲಿ ದೊರ್ಕಳು ತೀರಿಹೋದಾಗ ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. ಅವು ಚೆಲುವಾಗಿದ್ದವೋ ಇಲ್ಲವೋ ಎಂಬುದನ್ನು ಸತ್ಯವೇದವು ಹೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಹೊಲಿಗೆಯನ್ನು ಕಲಿಸುವಾಗ ನಾವು ಈ ಸಂಗತಿಯನ್ನು ಮರೆಯದಿರಲು ಯತ್ನಿಸುತ್ತೇವೆ.

ನಮ್ಮ ವಿದ್ಯಾರ್ಥಿನಿಯು ಹಳೆಯ ಕಂದು ಸ್ವೆಟರಿನ ಮೇಲೆ ಹಳದಿ ಬಟ್ಟೆಯ ಕರ್ಜಿಕಾಯಿಗಳನ್ನೂ ಚಕ್ಕುಲಿಗಳನ್ನೂ ಹೊಲಿದು ತೊಟ್ಟುಕೊಂಡು ಹೋದಳಂತೆ. ಬಹುಮಾನವೇನೋ ಅಂಗಡಿಯಿಂದ ತಂದ, ದೀಪ ಮಿನುಗುವ ಸ್ವೆಟರಿಗೆ ಹೋಯಿತು. ಆದರೆ ಎದೆಯ ಮೇಲಿನ ಆ ಆಕಾರಗಳೇನೆಂದು ಎಲ್ಲರೂ ಕೇಳಿದ್ದರಿಂದ, ನಮ್ಮೂರಿನ ಹಬ್ಬದ ತಿಂಡಿಗಳನ್ನು ವರ್ಣಿಸುವುದರಲ್ಲಿಯೇ ಅವಳ ಸಂಜೆ ಕಳೆಯಿತು. ಜನವರಿಯಲ್ಲಿ ಆ ಸ್ವೆಟರು ಒಗೆಯಲ್ಪಟ್ಟು, ಹೊಸದಾಗಿ ಆ ದೇಶಕ್ಕೆ ಬಂದಿದ್ದ ಒಬ್ಬ ಹುಡುಗಿಯ ಮೈಮೇಲೆ ಬೆಚ್ಚಗೆ ಕುಳಿತಿತ್ತೆಂದು ಬರೆದಿದ್ದಾಳೆ. ಅವಳ ಹೊಲಿಗೆಗಳು ಓರೆಯಾಗಿದ್ದವೋ ಎಂದು ನಾವು ಕೇಳಲಿಲ್ಲ.